ತೋಟದ ರೈಲಿಗೆ ಉಗಿ ಎಂಜಿನ್ನೋ, ವಿದ್ಯುತ್ ಎಂಜಿನ್ನೋ? ಹಳಿ ಹಾಸುವ ಮೊದಲು ತಿಳಿದಿರಬೇಕಾದದ್ದು

ತೋಟದಲ್ಲಿ ಪುಟ್ಟ ರೈಲು ಓಡಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ತಕ್ಕ ಹಳಿ ಹುಡುಕುತ್ತಾರೆ. ಈ ಕ್ರಮ ತಲೆಕೆಳಗು. ಎಂಜಿನ್ ಒಗ್ಗದಿದ್ದರೆ ಮಾರಿ ಬೇರೆಯದನ್ನು ತರಬಹುದು. ನೆಲ ಅಗೆದು, ಕಾಂಕ್ರೀಟ್ ಸುರಿದು, ಜಲ್ಲಿ ತುಂಬಿ ಕೂರಿಸಿದ ಹಳಿಯನ್ನು ಕಿತ್ತು ಮತ್ತೊಮ್ಮೆ ಹಾಸುವ ಉತ್ಸಾಹ ಯಾರಲ್ಲೂ ಉಳಿದಿರುವುದಿಲ್ಲ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹಳಿಯನ್ನು ಸಮತಟ್ಟಾಗಿ, ಅಗಲವಾದ ತಿರುವುಗಳೊಂದಿಗೆ ಹಾಸಿ. ಅದರಲ್ಲಿ ವಿದ್ಯುತ್ ಹರಿಸಬೇಡಿ. ಅಂಥ ಹಳಿಯ ಮೇಲೆ ಬ್ಯಾಟರಿ ಎಂಜಿನ್ನೂ ಓಡುತ್ತದೆ, ಉಗಿ ಎಂಜಿನ್ನೂ ಓಡುತ್ತದೆ. ಎರಡರ ನಡುವಿನ ತೀರ್ಮಾನವನ್ನು ಅವಸರವಿಲ್ಲದೆ ಮಾಡಬಹುದು, ಮಾಡದೆಯೂ ಇರಬಹುದು. ಈ ಸಲಹೆ ಒಪ್ಪದ ಒಂದು ವರ್ಗದವರಿದ್ದಾರೆ. ಅವರ ಮಾತು ಮುಂದೆ ಬರುತ್ತದೆ.

ಹಂತ 1: ಓಡಿಸುವುದು ಇಷ್ಟವೋ, ಓಡುವುದನ್ನು ನೋಡುವುದು ಇಷ್ಟವೋ?

ವಿದ್ಯುತ್ ಎಂಜಿನ್ನಿನಲ್ಲಿ ಗುಂಡಿ ಒತ್ತಿದರೆ ರೈಲು ಹೊರಡುತ್ತದೆ. ಕಾಲು ಗಂಟೆ ಬಿಡುವಿದ್ದರೂ ನಾಲ್ಕು ಸುತ್ತು ಓಡಿಸಿ ಒಳಗಿಡಬಹುದು. ನಿಲ್ದಾಣಗಳ ನಡುವೆ ಸರಕು ಸಾಗಿಸುವುದು, ಬೋಗಿಗಳನ್ನು ಬಿಡಿಸಿ ಜೋಡಿಸುವುದು, ಒಂದೇ ವೇಳೆ ಎರಡು ಮೂರು ರೈಲು ನಡೆಸುವುದು, ಇವೆಲ್ಲ ವಿದ್ಯುತ್ತಿಗೆ ಸುಲಭದ ಕೆಲಸ. ಅಲ್ಲಿ ಎಂಜಿನ್ ಸಾಧನ; ರೈಲುದಾರಿಯೇ ಆಟ.

ಉಗಿಯಲ್ಲಿ ಎಂಜಿನ್ನೇ ಆಟ. ನೀರು, ಎಣ್ಣೆ, ಅನಿಲ ತುಂಬಿ, ಬೆಂಕಿ ಹಚ್ಚಿ, ಒತ್ತಡ ಏರುವವರೆಗೆ ಕಾದು ಓಡಿಸಬೇಕು. ಸಣ್ಣ ಅನಿಲ ಎಂಜಿನ್ ಒಮ್ಮೆ ತುಂಬಿದರೆ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ನಿಮಿಷ ಓಡುತ್ತದೆ. ಸಿದ್ಧಪಡಿಸುವುದಕ್ಕೂ ಆಮೇಲೆ ಒರೆಸಿ ಎತ್ತಿಡುವುದಕ್ಕೂ ಸೇರಿ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇದನ್ನು ಕೇಳಿ ಬೇಸರವಾದರೆ ಉಗಿ ನಿಮಗಲ್ಲ. ಕೈಗೆ ಎಣ್ಣೆ ಮೆತ್ತಿಸಿಕೊಳ್ಳುವ ಆಸೆ ಹುಟ್ಟಿದರೆ ವಿದ್ಯುತ್ ಎಂಜಿನ್ ನಿಮ್ಮನ್ನು ಬಹುಕಾಲ ಹಿಡಿದಿಡಲಾರದು. ದುಡ್ಡಿನ ಲೆಕ್ಕ, ಜಾಗದ ಲೆಕ್ಕ ಎಲ್ಲ ಈ ಪ್ರಶ್ನೆಯ ನಂತರ.

ಹಂತ 2: ಗೇಜ್ ಗೊತ್ತು ಮಾಡಿಕೊಳ್ಳಿ

ಗೇಜ್ ಅಂದರೆ ಜೋಡಿ ಹಳಿಗಳ ನಡುವಿನ ಅಂತರ. ತೋಟದ ರೈಲುಗಳಲ್ಲಿ ಎರಡು ಅಳತೆಯ ಹಳಿ ಹೆಚ್ಚು ಬಳಕೆಯಲ್ಲಿವೆ: 45 ಮಿಲಿಮೀಟರ್ ಮತ್ತು 32 ಮಿಲಿಮೀಟರ್. ಹಳಿಯ ಅಳತೆ ಒಂದೇ ಆದರೂ ಅದರ ಮೇಲಿನ ಮಾದರಿಗಳ ಗಾತ್ರ ಒಂದೇ ಅಲ್ಲ. ಹೊಸಬರು ಎಡವುವುದು ಇಲ್ಲಿಯೇ. 1,435 ಮಿ.ಮೀ. ಅಗಲದ ನಿಜವಾದ ಹಳಿಯನ್ನು 45 ಮಿ.ಮೀ.ಗೆ ಇಳಿಸಿದರೆ ಮಾದರಿಯ ಪ್ರಮಾಣ 1:32. ಮೀಟರ್ ಗೇಜನ್ನು ಅದೇ ಹಳಿಗೆ ಇಳಿಸಿದರೆ ಸುಮಾರು 1:22.5, ಜರ್ಮನಿಯ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನಲ್ಲಿ ತಂದ ವಿದ್ಯುತ್ ರೈಲುಗಳು ಈ ಪ್ರಮಾಣದವು. ಅಮೆರಿಕದ ಮೂರಡಿ ಗೇಜಿನ ಎಂಜಿನ್ನುಗಳು ಇದೇ ಹಳಿಯ ಮೇಲೆ 1:20.3 ಆಗಿ ಬರುತ್ತವೆ. ಬ್ರಿಟನ್ನಿನ ಎರಡಡಿ ಗೇಜಿನ ಪುಟ್ಟ ರೈಲುಗಳನ್ನು 32 ಮಿ.ಮೀ.ಗೆ ಇಳಿಸಿದರೆ 1:19.

1:32ರ ಬೋಗಿಯ ಪಕ್ಕ 1:20.3ರ ಎಂಜಿನ್ ನಿಲ್ಲಿಸಿದರೆ ಜೋಡಿ ಹಾಸ್ಯಾಸ್ಪದವಾಗಿ ಕಾಣುತ್ತದೆ. ಆದ್ದರಿಂದ ಒಂದು ಪ್ರಮಾಣ ಆರಿಸಿಕೊಂಡು ಅದಕ್ಕೆ ಅಂಟಿಕೊಳ್ಳಿ. ಉಗಿಯ ಕಡೆಗೆ ಮನಸ್ಸಿದ್ದರೆ ಕಿರುಗೇಜಿನ ಮಾದರಿಗಳನ್ನು ನೋಡುವುದು ಜಾಣತನ. ಎಂಜಿನ್ ಗಿಡ್ಡ, ಬಾಯ್ಲರ್ ದಪ್ಪ, ತಿರುವು ಚಿಕ್ಕದಾದರೂ ನಡೆಯುತ್ತದೆ. 1982ರಲ್ಲಿ ಶುರುವಾದ ಬ್ರಿಟನ್ನಿನ ರೌಂಡ್‌ಹೌಸ್ ಸಂಸ್ಥೆಯ ಹಲವು ಎಂಜಿನ್ನುಗಳ ಗಾಲಿಗಳನ್ನು 32ಕ್ಕೂ 45ಕ್ಕೂ ಹೊಂದಿಸಿಕೊಳ್ಳಬಹುದು. ಇನ್ನೂ ತೀರ್ಮಾನಿಸದವರಿಗೆ ಇದು ದೊಡ್ಡ ಅನುಕೂಲ. ಜಪಾನಿನ ಆಸ್ಟರ್ 1975ರಿಂದ ತಂದ 1:32 ಆಸುಪಾಸಿನ ದೊಡ್ಡ ಎಂಜಿನ್ನುಗಳು ನೋಡಲು ಸೊಗಸು, ಆದರೆ ಆ ಜಾತಿಯವಕ್ಕೆ ಸಾಮಾನ್ಯವಾಗಿ ಮೂರು ಮೀಟರ್ ತ್ರಿಜ್ಯದ ತಿರುವು ಬೇಕು. ಅಂದರೆ ಆರು ಮೀಟರಿಗಿಂತ ಅಗಲವಾದ ತೋಟ.

ಹಂತ 3: ಎರಡಕ್ಕೂ ಒಗ್ಗುವ ಹಳಿ

ಉಗಿ ಎಂಜಿನ್ನಿಗೆ ಒಗ್ಗುವ ಹಳಿ ವಿದ್ಯುತ್ ಎಂಜಿನ್ನಿಗೂ ಒಗ್ಗುತ್ತದೆ. ತಿರುಗಿಸಿ ಹೇಳಿದರೆ ಅದು ಸುಳ್ಳು. ಕಾರಣ ಎಂಜಿನ್ನಿನ ಒಳಗಿದೆ. ತೋಟದ ಬಹುಪಾಲು ವಿದ್ಯುತ್ ಎಂಜಿನ್ನುಗಳಲ್ಲಿ ಮೋಟಾರು ಗಾಲಿಗಳನ್ನು ತಿರುಪಿನಾಕಾರದ ವರ್ಮ್ ಗೇರಿನ ಮೂಲಕ ತಿರುಗಿಸುತ್ತದೆ. ಆ ಗೇರನ್ನು ಗಾಲಿಯ ಕಡೆಯಿಂದ ಹಿಮ್ಮುಖವಾಗಿ ತಿರುಗಿಸಲು ಬಹುತೇಕ ಆಗುವುದಿಲ್ಲ. ಹೀಗಾಗಿ ಇಳಿಜಾರಿನಲ್ಲಿ ಹಿಂದಿನ ಬೋಗಿಗಳು ತಳ್ಳಿದರೂ ಎಂಜಿನ್ ವೇಗ ಬಿಡುವುದಿಲ್ಲ. ಉಗಿ ಎಂಜಿನ್ನಿನಲ್ಲಿ ಪಿಸ್ಟನ್ ನೇರವಾಗಿ ಗಾಲಿಗೆ ಜೋಡಿಸಿರುತ್ತದೆ, ತಡೆಯುವುದು ಏನೂ ಇಲ್ಲ. ಏರು ಬಂದರೆ ಏದುಸಿರು ಬಿಟ್ಟು ನಿಲ್ಲುತ್ತದೆ, ಇಳಿಜಾರು ಬಂದರೆ ಓಟಕಿತ್ತು ತಿರುವಿನಲ್ಲಿ ಹಳಿ ತಪ್ಪುತ್ತದೆ. ಎಫ್ರೇಮ್ ಶೇ 1881ರಲ್ಲಿ ಪೇಟೆಂಟ್ ಪಡೆದ ಗೇರು ಜೋಡಿಸಿದ ಉಗಿ ಎಂಜಿನ್ನಿನ ಮಾದರಿಗಳು ಇದಕ್ಕೆ ಅಪವಾದ. ಅವು ಏರಿಳಿತದಲ್ಲೂ ತೆವಳಿಕೊಂಡು ಹೋಗುತ್ತವೆ, ಬಡಿತದ ಸದ್ದಂತೂ ಕೇಳುವಂಥದು.

ಆದ್ದರಿಂದ ಮಟ್ಟಸದ ವಿಷಯದಲ್ಲಿ ಜಿಪುಣತನ ಬೇಡ. ಸಾಧ್ಯವಾದರೆ ಪೂರ್ತಿ ಸಮತಟ್ಟು. ಆಗದಿದ್ದರೆ ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಏರು ಸಾಕು. ಐವತ್ತಕ್ಕೆ ಒಂದರ ಏರು ವಿದ್ಯುತ್ ಎಂಜಿನ್ನಿಗೆ ಲೆಕ್ಕವಿಲ್ಲ, ಉಗಿ ಓಡಿಸುವವರನ್ನು ಮಾತ್ರ ರೈಲಿನ ಹಿಂದೆ ಓಡಿಸುತ್ತದೆ. ಉದ್ದಕ್ಕೆ ಹೇಗೋ ಹಾಗೆ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ. ಇಳಿಜಾರಾದ ತೋಟದಲ್ಲಿ ಹಳಿಯನ್ನು ಒಂದು ಕಡೆ ಕಂಬಗಳ ಮೇಲೆ ಎತ್ತಿ ಮಟ್ಟ ಮಾಡುವುದು ವಾಡಿಕೆ. ಬಾಗದೆ ಎಂಜಿನ್ ಸಿದ್ಧಪಡಿಸಬಹುದು ಎಂಬುದು ಬೆನ್ನಿಗೆ ಸಿಗುವ ಲಾಭ.

ತಿರುವಿನ ತ್ರಿಜ್ಯ ಜಾಗ ಬಿಟ್ಟಷ್ಟು ದೊಡ್ಡದಿರಲಿ. ಆರಂಭಿಕ ಪೆಟ್ಟಿಗೆಗಳಲ್ಲಿ ಬರುವ 600 ಮಿ.ಮೀ. ತ್ರಿಜ್ಯದ ತುಂಡುಗಳ ಮೇಲೆ ನಾಲ್ಕು ಗಾಲಿಯ ಪುಟ್ಟ ಎಂಜಿನ್ನುಗಳು ಹೋಗುತ್ತವೆ. ಆದರೆ ಬಿಗಿ ತಿರುವು ಉಗಿ ಎಂಜಿನ್ನಿಗೆ ಏರಿನಷ್ಟೇ ಭಾರ. ನೇರದಲ್ಲಿ ವೇಗ ಹೆಚ್ಚುವುದು, ತಿರುವಿನಲ್ಲಿ ಉಸಿರು ಕಟ್ಟುವುದು, ಪ್ರತಿ ಸುತ್ತಿಗೂ ಇದೇ ಕಥೆ. 1,200 ಮಿ.ಮೀ. ಇದ್ದರೆ ಬದುಕು ಹಸನು, ಎರಡು ಮೀಟರ್ ಇದ್ದರೆ ಬಹುಪಾಲು ಕಿರುಗೇಜ್ ಎಂಜಿನ್ನುಗಳಿಗೆ ಬಾಗಿಲು ತೆರೆದಂತೆ.

ಹಳಿಯ ಕೆಳಗೆ ಚೂಪು ಅಂಚಿನ ಸಣ್ಣ ಜಲ್ಲಿಪುಡಿ ಹಾಕಿ. ಉರುಟು ಕಲ್ಲು ಒಂದನ್ನೊಂದು ಹಿಡಿಯುವುದಿಲ್ಲ, ಜಾರುತ್ತದೆ. ಕಾಂಕ್ರೀಟ್ ತಳಕ್ಕೆ ಹಳಿಯನ್ನು ಬಿಗಿಯಾಗಿ ತಿರುಪು ಹೊಡೆದು ಕಟ್ಟಿಹಾಕಬೇಡಿ. ಹಿತ್ತಾಳೆಯ ಹಳಿ ಹತ್ತು ಮೀಟರ್ ಉದ್ದಕ್ಕೆ 40 ಡಿಗ್ರಿ ತಾಪಮಾನದ ವ್ಯತ್ಯಾಸದಲ್ಲಿ ಏಳೆಂಟು ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಒಂಬತ್ತು ಮಿ.ಮೀ. ದಾಟುತ್ತದೆ. ಸಂದುಗಳಲ್ಲಿ ಅದಕ್ಕೆ ಎಡೆ ಬಿಡದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಹಳಿ ಹಾವಿನಂತೆ ಸೊಟ್ಟಗಾಗುತ್ತದೆ. ವಿದ್ಯುತ್ ಹರಿಸದ ಹಳಿಗೆ ಅಲ್ಯೂಮಿನಿಯಂ ಸಾಕು ಎಂಬುದು ನೆನಪಿರಲಿ, ಹಿತ್ತಾಳೆಗಿಂತ ಅಗ್ಗ. ಮೆತುವಾದ್ದರಿಂದ ಯಾರಾದರೂ ತುಳಿಯುವ ಕಡೆ ಮಾತ್ರ ಎಚ್ಚರ.

ಸುರಂಗ ಕಟ್ಟುವುದಾದರೆ ಎರಡೂ ತುದಿಯಿಂದ ಕೈ ಚಾಚಿದರೆ ಒಳಗೆ ಎಲ್ಲಿಗಾದರೂ ಎಟುಕುವಷ್ಟು ಉದ್ದವೇ ಇರಲಿ. ಬೆಂಕಿ ಉರಿಯುತ್ತಿರುವ ಎಂಜಿನ್ ಎಟುಕದ ಕತ್ತಲಲ್ಲಿ ನಿಂತರೆ ಮಾಡುವುದಕ್ಕೇನೂ ಇರುವುದಿಲ್ಲ.

ಹಂತ 4: ವಿದ್ಯುತ್ತನ್ನು ಎಲ್ಲಿಂದ ಕೊಡುವುದು?

ವಿದ್ಯುತ್ ಎಂಜಿನ್ ಅಂದರೆ ಒಂದೇ ಬಗೆ ಎಂದುಕೊಳ್ಳಬೇಡಿ; ಮೂರು ದಾರಿಗಳಿವೆ.

ಹಳೆಯ ದಾರಿ ಏಕಮುಖ ವಿದ್ಯುತ್ತನ್ನು ಎರಡು ಹಳಿಗಳಲ್ಲಿ ಹರಿಸುವುದು. ಈ ಗಾತ್ರದ ರೈಲುಗಳಿಗೆ ಗರಿಷ್ಠ 18ರಿಂದ 24 ವೋಲ್ಟ್. ವೋಲ್ಟ್ ಏರಿಸಿದರೆ ವೇಗ, ಧ್ರುವ ಬದಲಿಸಿದರೆ ಹಿಮ್ಮುಖ. ಎರಡನೆಯದು ಡಿಜಿಟಲ್ ನಿಯಂತ್ರಣ, ಅಂದರೆ ಡಿಸಿಸಿ: ಹಳಿಯಲ್ಲಿ ಯಾವಾಗಲೂ ಪೂರ್ಣ ವೋಲ್ಟ್ ಇರುತ್ತದೆ, ಅದರ ಜೊತೆಗೆ ಆಜ್ಞೆಗಳೂ ಹೋಗುತ್ತವೆ, ಪ್ರತಿ ಎಂಜಿನ್ನಿನ ಒಳಗಿನ ಡಿಕೋಡರ್ ತನಗೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಮೂರನೆಯದು ಬ್ಯಾಟರಿ ಮತ್ತು ರೇಡಿಯೋ ನಿಯಂತ್ರಣ. ಇಲ್ಲಿ ಹಳಿಗೆ ರೈಲನ್ನು ಹೊರುವುದೊಂದೇ ಕೆಲಸ.

ಮೊದಲ ಎರಡು ದಾರಿಗಳ ಶತ್ರು ಮಳೆ, ಧೂಳು, ಸಂದು. ಹಳಿಯ ಮೇಲ್ಮೈ ಕಪ್ಪಾಗುತ್ತದೆ, ಗಿಡದ ಅಂಟು ಕೂರುತ್ತದೆ, ಸಂದುಗಳ ಒಳಗೆ ಲೋಹ ಮಂಕಾಗಿ ವಿದ್ಯುತ್ ದಾಟುವುದಿಲ್ಲ. ಇವನ್ನೇ ಆರಿಸುವುದಾದರೆ ಜಾರಿಸಿ ಸಿಕ್ಕಿಸುವ ಸಂದುಪಟ್ಟಿಗಳನ್ನು ಬಿಟ್ಟು ತಿರುಪಿನಿಂದ ಬಿಗಿಯುವ ಹಿಡಿಕೆಗಳನ್ನು ಹಾಕಿ. ಉದ್ದ ದಾರಿಯಾದರೆ ದಪ್ಪ ತಂತಿಯಿಂದ ಅಲ್ಲಲ್ಲಿ ಪ್ರತ್ಯೇಕವಾಗಿ ವಿದ್ಯುತ್ ಕೊಡಿ. ಓಡಿಸುವ ಮೊದಲು ಪ್ರತಿ ಸಲವೂ ಹಳಿ ಉಜ್ಜಿ. ಉಜ್ಜಲು ಉಕ್ಕಿನ ನಾರು ಬಳಸಬೇಡಿ. ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಒಳಗೆಳೆದುಕೊಂಡು ಮೋಟಾರನ್ನೇ ಕೆಡಿಸುತ್ತದೆ. ಟ್ರಾನ್ಸ್‌ಫಾರ್ಮರ್ ಯಾವಾಗಲೂ ಒಣ ಜಾಗದಲ್ಲಿ, ಮನೆಯ ಒಳಗೆ, ಸೋರುವಿಕೆಯನ್ನು ಪತ್ತೆಹಚ್ಚಿ ವಿದ್ಯುತ್ ಕಡಿತಗೊಳಿಸುವ ಸಾಧನದ ಹಿಂದೆ ಇರಬೇಕು. ತೋಟಕ್ಕೆ ಬರುವುದು ಕಡಿಮೆ ವೋಲ್ಟಿನ ತಂತಿ ಮಾತ್ರ. ಇನ್ನೊಂದು ತೊಡಕು: ಹಳಿ ಸುತ್ತಿ ಬಂದು ತನಗೇ ಸೇರುವ ಕುಣಿಕೆಯಲ್ಲಿ ಎಡಹಳಿ ಬಲಹಳಿಗೆ ಕೂಡಿ ಶಾರ್ಟ್ ಆಗುತ್ತದೆ. ಅದಕ್ಕೆ ಬೇರೆಯೇ ಏರ್ಪಾಡು ಬೇಕು.

ಹಾಗಾದರೆ ಹಳಿಯ ವಿದ್ಯುತ್ ಯಾರಿಗೆ? ಐದಾರು ರೈಲುಗಳನ್ನು ಕಂಪ್ಯೂಟರಿನಿಂದ ತಾನೇ ತಾನಾಗಿ ಓಡಿಸಬೇಕೆನ್ನುವವರಿಗೆ, ಗಂಟೆಗಟ್ಟಲೆ ಪ್ರದರ್ಶನ ನಡೆಸುವವರಿಗೆ. ನನ್ನ ಸಲಹೆ ಒಪ್ಪದವರು ಇವರೇ, ಅವರ ಮಟ್ಟಿಗೆ ಅವರು ಸರಿ. ಉಳಿದವರಿಗೆ ಬ್ಯಾಟರಿ ಮೇಲು.

ಬ್ಯಾಟರಿಯ ಲೆಕ್ಕ ಕಠಿಣವಲ್ಲ. ನಾಲ್ಕು ಲಿಥಿಯಂ ಅಯಾನ್ ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 14.8 ವೋಲ್ಟ್, ಪೂರ್ತಿ ತುಂಬಿದಾಗ 16.8. 24 ವೋಲ್ಟಿಗೆ ಮಾಡಿದ ಎಂಜಿನ್ನೂ ಇದರಲ್ಲಿ ನೋಡಲು ಹಿತವಾದ ವೇಗದಲ್ಲೇ ಓಡುತ್ತದೆ. 3,000 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಎಂಜಿನ್ ಒಂದು ಆಂಪಿಯರ್ ಎಳೆದರೆ ಲೆಕ್ಕದಲ್ಲಿ ಮೂರು ಗಂಟೆ. ಕೊನೆಯವರೆಗೆ ಹಿಂಡುವುದು ಕೋಶಗಳಿಗೆ ಒಳ್ಳೆಯದಲ್ಲವಾದ್ದರಿಂದ ಎರಡು ಚಿಲ್ಲರೆ ಗಂಟೆ ಎಂದುಕೊಳ್ಳಿ. ಜೋಡಣೆಯ ಕ್ರಮ: ಬ್ಯಾಟರಿಗೆ ಅಂಟಿದಂತೆ ಫ್ಯೂಸ್, ಆಮೇಲೆ ಸ್ವಿಚ್, ಆಮೇಲೆ ರಿಸೀವರ್ ಸಹಿತ ವೇಗ ನಿಯಂತ್ರಕ, ಕೊನೆಗೆ ಮೋಟಾರು. ಗಾಲಿಗಳಿಂದ ವಿದ್ಯುತ್ ಎತ್ತುತ್ತಿದ್ದ ಹಳೆಯ ತಂತಿಗಳನ್ನು ಮರೆಯದೆ ಬಿಡಿಸಿ. ಹಾಗೇ ಬಿಟ್ಟರೆ, ವಿದ್ಯುತ್ ಹರಿಯುವ ಬೇರೊಬ್ಬರ ಹಳಿಯ ಮೇಲೆ ಇಟ್ಟ ದಿನ ನಿಯಂತ್ರಕ ಸುಟ್ಟುಹೋಗಬಹುದು. ಎಂಜಿನ್ನಿನಲ್ಲಿ ಜಾಗವಿಲ್ಲದಿದ್ದರೆ ಹಿಂದಿನ ಬೋಗಿಯಲ್ಲಿ ಬ್ಯಾಟರಿ ಇಟ್ಟು ತಂತಿ ಎಳೆಯುವುದು ತಪ್ಪಲ್ಲ. ರಕ್ಷಣಾ ಫಲಕವಿರುವ ಬ್ಯಾಟರಿಯನ್ನೇ ಕೊಳ್ಳಿ, ಅದಕ್ಕೆಂದೇ ಮಾಡಿದ ಚಾರ್ಜರಿನಲ್ಲಿ ಕಣ್ಣೆದುರೇ ಚಾರ್ಜ್ ಮಾಡಿ, ಉಬ್ಬಿದ ಕೋಶವನ್ನು ಮತ್ತೆ ಬಳಸಬೇಡಿ.

ಇಷ್ಟಾದರೆ ವಿದ್ಯುತ್ ಕಡೆಯ ಪಾಠ ಮುಗಿಯಿತು. ಉಗಿಯದು ಹಾಗಲ್ಲ.

ಹಂತ 5: ಉಗಿ ಎಂಜಿನ್ನಿನ ಒಳಗನ್ನು ಅರಿತುಕೊಳ್ಳಿ

ಪುಟ್ಟ ಉಗಿ ಎಂಜಿನ್ ದೊಡ್ಡದರಂತೆ ವರ್ತಿಸುವುದಿಲ್ಲ. 1:20ರ ಪ್ರಮಾಣಕ್ಕೆ ಇಳಿಸಿದಾಗ ಮೇಲ್ಮೈ ನಾನೂರನೇ ಒಂದು ಪಾಲಿಗೆ ಇಳಿಯುತ್ತದೆ, ಗಾತ್ರ ಎಂಟು ಸಾವಿರದಲ್ಲಿ ಒಂದು ಪಾಲಿಗೆ. ಅಂದರೆ ಒಳಗಿರುವ ನೀರಿನ ಅಳತೆಗೆ ಹೋಲಿಸಿದರೆ ಶಾಖ ಸೋರುವ ಮೇಲ್ಮೈ ಇಪ್ಪತ್ತು ಪಟ್ಟು ಹೆಚ್ಚು. ತಣ್ಣಗಿನ ಸಿಲಿಂಡರಿಗೆ ಹೋದ ಉಗಿ ಕ್ಷಣದಲ್ಲಿ ನೀರಾಗುವುದು ಇದಕ್ಕೇ. ಗಾಳಿ ಬೀಸಿದ ದಿನ ಎಂಜಿನ್ ಮುನಿಸಿಕೊಳ್ಳುವುದೂ ಇದಕ್ಕೇ.

ಬಾಯ್ಲರ್ ಸಾಮಾನ್ಯವಾಗಿ ತಾಮ್ರದ್ದು, ಬೆಳ್ಳಿ ಬೆಸುಗೆಯದು. ಕೆಲಸದ ಒತ್ತಡ ತಯಾರಕರನ್ನು ಅವಲಂಬಿಸಿ ಸುಮಾರು 2.8 ಬಾರ್‌ನಿಂದ 4 ಬಾರ್. ನಾಲ್ಕು ಬಾರ್‌ನಲ್ಲಿ ಒಳಗಿನ ನೀರು ಸುಮಾರು 152 ಡಿಗ್ರಿ ಸೆಲ್ಸಿಯಸ್. ಆ ಒತ್ತಡವನ್ನು ಕಾಯುವುದು ಸುರಕ್ಷತಾ ಕವಾಟ. ಅದರ ತಿರುಪನ್ನು ಮುಟ್ಟಿ ಒತ್ತಡ ಹೆಚ್ಚಿಸಲು ಹೋಗಬಾರದು.

ಇಂಧನದಲ್ಲಿ ಹೊಸಬರಿಗೆ ಬ್ಯೂಟೇನ್ ಅನಿಲವೇ ಸರಿ. ಸ್ಪಿರಿಟ್ ಸದ್ದಿಲ್ಲದೆ ಉರಿಯುತ್ತದೆ, ಒಳ್ಳೆಯ ಉಗಿ ಕೊಡುತ್ತದೆ. ಆದರೆ ಅದರ ಜ್ವಾಲೆ ಹಗಲಿನಲ್ಲಿ ಕಾಣುವುದೇ ಇಲ್ಲ, ಚೆಲ್ಲಿದರೆ ಪ್ಲಾಸ್ಟಿಕ್ ಸ್ಲೀಪರುಗಳು ಉರಿಯುತ್ತಿವೆ ಎಂದು ತಿಳಿಯುವುದೇ ತಡವಾಗಿ. ಕಲ್ಲಿದ್ದಲು ಎಲ್ಲಕ್ಕಿಂತ ಸೊಗಸು, ಎಲ್ಲಕ್ಕಿಂತ ಕಷ್ಟ: ಕೆಲವು ನಿಮಿಷಕ್ಕೊಮ್ಮೆ ಎಂಜಿನ್ ನಿಲ್ಲಿಸಿ ಚಿಟಿಕೆ ಚಿಟಿಕೆಯಾಗಿ ಉಣಿಸಬೇಕು. ಮೂರನೆಯ ಎಂಜಿನ್ ಕೊಳ್ಳುವಾಗ ಅದರ ಯೋಚನೆ ಮಾಡಿ.

ನಡುವೆ ಒಂದು ಮಾತು. ಉಗಿಯನ್ನೂ ವಿದ್ಯುತ್ತನ್ನೂ ಮದುವೆ ಮಾಡಿಸಲು ಹೋದವರೂ ಇದ್ದಾರೆ. ಬ್ರಿಟನ್ನಿನ ಹಾರ್ನ್‌ಬಿ ಕಂಪನಿ 2003ರಲ್ಲಿ ಮಲ್ಲಾರ್ಡ್ ಎಂಬ ಹೆಸರಾಂತ ಉಗಿ ಎಂಜಿನ್ನಿನ ಒಂದು ಪುಟ್ಟ ಮಾದರಿ ತಂದಿತು; ಹಳಿಯಿಂದ ಬಂದ ವಿದ್ಯುತ್ತು ಅದರ ಟೆಂಡರಿನೊಳಗೆ, ಅಂದರೆ ಎಂಜಿನ್ನಿನ ಹಿಂದೆ ನೀರು, ಇಂಧನ ಹೊರುವ ಬಂಡಿಯೊಳಗೆ, ನೀರು ಕಾಯಿಸುತ್ತಿತ್ತು, ಆ ಉಗಿಯಿಂದ ಪಿಸ್ಟನ್ ಚಲಿಸುತ್ತಿತ್ತು. ಬುದ್ಧಿವಂತಿಕೆಗೆ ತಲೆಬಾಗಬೇಕು. ಮನೆಯೊಳಗಿನ ಚಿಕ್ಕ ಹಳಿಯ ಮಾದರಿಯಾದ್ದರಿಂದ ತೋಟಕ್ಕೆ ಅದು ಬರಲಿಲ್ಲ.

ಹಂತ 6: ಮೊದಲ ಉಗಿ

ಇದನ್ನು ಸೊಂಟದ ಎತ್ತರದ, ಬೆಂಕಿಗೆ ಜಗ್ಗದ ಕಟ್ಟೆಯ ಮೇಲೆ ಮಾಡಿ. ಪಕ್ಕದಲ್ಲಿ ಒದ್ದೆ ಬಟ್ಟೆ, ಒಂದು ಬಕೆಟ್ ನೀರು, ಚರ್ಮದ ಕೈಗವಸು ಇರಲಿ. ತಯಾರಕರ ಕೈಪಿಡಿಗೂ ಕೆಳಗಿನ ಕ್ರಮಕ್ಕೂ ಎಲ್ಲಾದರೂ ಭಿನ್ನತೆ ಇದ್ದರೆ ಕೈಪಿಡಿಯದೇ ಅಂತಿಮ.

ಮೊದಲು ಎಣ್ಣೆ. ಅಚ್ಚು, ಸಲಾಕೆ, ಕೀಲುಗಳಿಗೆ ತೆಳು ಯಂತ್ರದೆಣ್ಣೆಯ ಒಂದೊಂದು ಹನಿ. ಸಿಲಿಂಡರಿಗೆ ಬೇಕಾದದ್ದು ಬೇರೆಯೇ ಎಣ್ಣೆ: ಬಿಸಿ ಉಗಿಯಲ್ಲೂ ತೊಳೆದುಹೋಗದ, ಜೇನಿನಷ್ಟು ಮಂದವಾದ ಉಗಿ ಸಿಲಿಂಡರ್ ಎಣ್ಣೆ. ಕಾರಿನ ಎಂಜಿನ್ ಎಣ್ಣೆ ಇದಕ್ಕೆ ಬದಲಿಯಲ್ಲ. ಇದನ್ನು ಲೂಬ್ರಿಕೇಟರ್ ಎಂಬ ಪುಟ್ಟ ಡಬ್ಬಿಗೆ ತುಂಬುತ್ತಾರೆ. ಅದರ ಕೆಲಸ ಸೊಗಸಾಗಿದೆ: ಉಗಿಕೊಳವೆಯಲ್ಲಿ ಒಂದು ಸೂಜಿಮೊನೆಯ ರಂಧ್ರವಿರುತ್ತದೆ, ಅದರಿಂದ ಒಳಹೊಕ್ಕ ಉಗಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ, ಅಷ್ಟೇ ಪ್ರಮಾಣದ ಎಣ್ಣೆ ಮೇಲಕ್ಕೆ ತಳ್ಳಲ್ಪಟ್ಟು ಉಗಿಯೊಂದಿಗೆ ಸಿಲಿಂಡರಿಗೆ ಹೋಗುತ್ತದೆ. ಹಿಂದಿನ ಸಲದ ನೀರನ್ನು ಬಸಿಯದೆ ತುಂಬಿದರೆ ಎಣ್ಣೆಗೆ ಜಾಗವೇ ಇರುವುದಿಲ್ಲ.

ಎರಡನೆಯದು ನೀರು. ಬಟ್ಟಿ ಇಳಿಸಿದ ನೀರು ಅಥವಾ ಸೋಸಿದ ಶುದ್ಧ ಮಳೆನೀರು. ಗಡಸು ನೀರು ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿದ್ದರೆ ಮುಕ್ಕಾಲು ಭಾಗಕ್ಕೆ ತುಂಬಿ. ಗಾಜಿಲ್ಲದ ಎಂಜಿನ್ನುಗಳಲ್ಲಿ ಅಂಚಿನವರೆಗೆ ತುಂಬಿ, ಕೈಪಿಡಿ ಹೇಳಿದಷ್ಟು ಮಿಲಿಲೀಟರನ್ನು ಸಿರಿಂಜಿನಿಂದ ಹೊರತೆಗೆಯುವುದು ಕ್ರಮ. ಉಗಿಗೆ ಎಡೆ ಬಿಡದೆ ಹೆಚ್ಚು ತುಂಬಿದರೆ ನೀರೇ ಸಿಲಿಂಡರಿಗೆ ನುಗ್ಗಿ ಚಿಮಣಿಯಿಂದ ಕಾರಂಜಿಯಾಗುತ್ತದೆ.

ಅನಿಲ ಕೊನೆಗೆ. ಆಸುಪಾಸಿನಲ್ಲಿ ಎಲ್ಲೂ ಬೆಂಕಿ ಇರಬಾರದು, ಪಕ್ಕದವರ ಉರಿಯುತ್ತಿರುವ ಎಂಜಿನ್ನೂ ಸೇರಿ. ಅನಿಲದ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ತೊಟ್ಟಿಯ ಕವಾಟಕ್ಕೆ ನೇರವಾಗಿ ಒತ್ತಿ. ದ್ರವ ಹೊರಗೆ ಚಿಮ್ಮಿದರೆ ತುಂಬಿತೆಂದು ಅರ್ಥ. ಬ್ಯೂಟೇನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಸುಳಿದಾಡುತ್ತದೆ. ಅದು ಚದುರಲು ಒಂದೆರಡು ನಿಮಿಷ ಬಿಡಿ. ಬ್ಯೂಟೇನ್ ತೊಟ್ಟಿಗೆ ಪ್ರೊಪೇನ್ ತುಂಬುವುದು ಅಪಾಯ: 20 ಡಿಗ್ರಿಯಲ್ಲಿ ಬ್ಯೂಟೇನಿನ ಒತ್ತಡ ವಾಯುಮಂಡಲಕ್ಕಿಂತ ಸುಮಾರು ಒಂದು ಬಾರ್ ಹೆಚ್ಚು, ಪ್ರೊಪೇನಿನದು ಏಳು ಬಾರ್ ಮೀರುತ್ತದೆ. ಎರಡರ ಮಿಶ್ರಣವನ್ನು ತಯಾರಕರು ಒಪ್ಪಿದ ತೊಟ್ಟಿಯಲ್ಲಿ ಮಾತ್ರ ಬಳಸಿ.

ಈಗ ಬೆಂಕಿ. ಬಹುಪಾಲು ಅನಿಲ ಎಂಜಿನ್ನುಗಳಲ್ಲಿ ಲೈಟರನ್ನು ಚಿಮಣಿಯ ಬಾಯಿಗೋ ಮುಂಭಾಗದ ಹೊಗೆಪೆಟ್ಟಿಗೆಗೋ ಹಿಡಿದು, ಅನಿಲದ ಕವಾಟವನ್ನು ಮೆಲ್ಲಗೆ, ಹಿಸ್ ಎನ್ನುವಷ್ಟೇ ತೆರೆಯಬೇಕು. ಡಬ್ ಎಂದು ಸದ್ದಾಗಿ ಜ್ವಾಲೆ ಹಿಂದಕ್ಕೆ ಹಾರಿ ಬರ್ನರಿನಲ್ಲಿ ಕೂರುತ್ತದೆ. ಕೂರದೆ ಚಿಮಣಿಯ ಬುಡದಲ್ಲೇ ಉರಿದರೆ ಬಣ್ಣ ಸುಡುತ್ತದೆ. ಆರಿಸಿ, ಅನಿಲ ಇನ್ನೂ ಕಡಿಮೆ ತೆರೆದು ಮತ್ತೆ ಹಚ್ಚಿ. ಮುಖವನ್ನು ಚಿಮಣಿಯ ಮೇಲೆ ತರಬೇಡಿ, ಈಗಲೂ ಆಮೇಲೂ.

ಐದರಿಂದ ಹತ್ತು ನಿಮಿಷದಲ್ಲಿ ಒತ್ತಡದ ಮುಳ್ಳು ಏರುತ್ತದೆ, ಸುರಕ್ಷತಾ ಕವಾಟ ಉಗಿ ಬಿಡುತ್ತದೆ. ಮೊದಲ ಸಲವಾದರೆ ಕವಾಟ ಯಾವ ಒತ್ತಡದಲ್ಲಿ ತೆರೆಯಿತು ಎಂದು ಗುರುತಿಸಿಟ್ಟುಕೊಳ್ಳಿ. ತಯಾರಕರು ಹೇಳಿದ್ದನ್ನು ಮೀರಿದರೂ ತೆರೆಯದಿದ್ದರೆ ಅನಿಲ ಆರಿಸಿ, ಅಂದಿನ ಓಟ ಬಿಡಿ.

ಎಂಜಿನ್ನನ್ನು ಹಳಿಯ ಮೇಲಿಟ್ಟು, ಮುಮ್ಮುಖಕ್ಕೆ ಹಾಕಿ, ಸಿಲಿಂಡರಿಗೆ ಉಗಿ ಬಿಡುವ ಕವಾಟವಾದ ರೆಗ್ಯುಲೇಟರನ್ನು ಕೂದಲೆಳೆಯಷ್ಟು ತೆರೆದು, ಕೈಯಿಂದ ಹಿಂದೆ ಮುಂದೆ ತಳ್ಳಿ. ಚಿಮಣಿಯಿಂದ ಎಣ್ಣೆ ಬೆರೆತ ಬಿಸಿನೀರು ಉಗುಳುತ್ತದೆ. ಸಿಲಿಂಡರ್ ಬಿಸಿಯಾಗುವವರೆಗೆ ಈ ಉಗುಳಾಟ ಸಹಜ. ಈ ಹಂತದಲ್ಲಿ ತಾಳ್ಮೆಗೆಟ್ಟು ರೆಗ್ಯುಲೇಟರನ್ನು ಅಗಲವಾಗಿ ತೆರೆದವರ ಎಂಜಿನ್, ನೀರು ಹೊರಹೋದ ಮರುಕ್ಷಣ ಬಾಣದಂತೆ ಹೊರಡುತ್ತದೆ. ಒಂದೆರಡು ಸುತ್ತು ಒಂಟಿಯಾಗಿ ಓಡಿಸಿ, ಆಮೇಲೆ ಬೋಗಿ ಜೋಡಿಸಿ. ನಾಲ್ಕೈದು ಬೋಗಿಗಳ ಎಳೆತ ಇದ್ದರೇನೇ ವೇಗ ಹದದಲ್ಲಿರುತ್ತದೆ. ಖಾಲಿ ಎಂಜಿನ್ ಚಂಚಲ.

ಓಟ ಹದಕ್ಕೆ ಬಂದ ಮೇಲೆ ಅನಿಲ ತಗ್ಗಿಸಿ. ಸುರಕ್ಷತಾ ಕವಾಟ ಸದಾ ಬುಸುಗುಡುತ್ತಿದ್ದರೆ ನೀವು ನೀರನ್ನೂ ಅನಿಲವನ್ನೂ ಗಾಳಿಗೆ ಕೊಡುತ್ತಿದ್ದೀರಿ. ರೇಡಿಯೋ ನಿಯಂತ್ರಣವಿದ್ದರೆ ಒಂದು ಸರ್ವೊ (ಸನ್ನೆಯನ್ನು ಅಲುಗಿಸುವ ಪುಟ್ಟ ಮೋಟಾರು) ರೆಗ್ಯುಲೇಟರಿಗೆ, ಇನ್ನೊಂದು ಹಿಮ್ಮುಖ ಸನ್ನೆಗೆ. ಏರಿಳಿತದ ಹಳಿಯಲ್ಲಿ ಇದು ಐಷಾರಾಮವಲ್ಲ, ಅಗತ್ಯ.

ಒಳ್ಳೆಯ ವಿನ್ಯಾಸದಲ್ಲಿ ನೀರಿಗಿಂತ ಮೊದಲು ಅನಿಲ ಮುಗಿಯುತ್ತದೆ. ಬಾಯ್ಲರ್ ಒಣಗುವ ಮೊದಲು ಬೆಂಕಿ ಆರಲಿ ಎಂಬುದೇ ಅದರ ಉದ್ದೇಶ. ನೀರು ನೋಡದೆ ಅನಿಲ ಮಾತ್ರ ಮರುತುಂಬಿ ಹಚ್ಚಿದರೆ ಆ ರಕ್ಷಣೆಯನ್ನು ನೀವೇ ಕಿತ್ತುಹಾಕಿದಂತೆ. ಒಣ ಬಾಯ್ಲರಿಗೆ ಬೆಂಕಿ ಕೊಟ್ಟರೆ ಬೆಸುಗೆ ಬಿಡಬಹುದು.

ಹಂತ 7: ಎತ್ತಿಡುವುದು

ಬೆಂಕಿ ಆರಿದ ಮೇಲೆ ಉಳಿದ ಒತ್ತಡ ಮುಗಿಯುವವರೆಗೆ ಓಡಲು ಬಿಡಿ. ಮುಳ್ಳು ಸೊನ್ನೆಗೆ ಬಂದ ಮೇಲೆ, ಅದಕ್ಕೂ ಮೊದಲಲ್ಲ, ಕೈಗವಸು ಹಾಕಿಕೊಂಡು ನೀರು ತುಂಬುವ ಮುಚ್ಚಳವನ್ನು ಸಡಿಲಿಸಿ. ಹಾಗೇ ಬಿಟ್ಟರೆ ತಣಿಯುವ ಬಾಯ್ಲರಿನಲ್ಲಿ ನಿರ್ವಾತ ಉಂಟಾಗಿ ಲೂಬ್ರಿಕೇಟರಿನ ಎಣ್ಣೆ ಒಳಗೆ ಎಳೆದುಕೊಳ್ಳಬಹುದು. ಎಣ್ಣೆ ಹೊಕ್ಕ ಬಾಯ್ಲರ್ ನೊರೆಗಟ್ಟಿ ಕಾಡುತ್ತದೆ. ಲೂಬ್ರಿಕೇಟರ್ ಬಸಿಯಿರಿ, ಗಾಲಿ ಒರೆಸಿ.

ಕೆಟ್ಟು ನಿಂತಾಗ

ಜ್ವಾಲೆ ಕ್ಷೀಣಿಸಿದರೆ ಎರಡೇ ಗುಮಾನಿ. ಒಂದು ಚಳಿ: ಬ್ಯೂಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಹತ್ತಿರ, ಮೇಲಾಗಿ ಆವಿಯಾಗುತ್ತಾ ತೊಟ್ಟಿಯನ್ನೇ ತಣಿಸುತ್ತದೆ. ಟೆಂಡರಿನಲ್ಲಿ ತೊಟ್ಟಿಯಿರುವ ಎಂಜಿನ್ನುಗಳಲ್ಲಿ ಅದರ ಸುತ್ತ ಉಗುರುಬೆಚ್ಚಗಿನ ನೀರು ಸುರಿಯುತ್ತಾರೆ. ಎರಡು, ಬರ್ನರಿಗೆ ಅನಿಲ ಚಿಮ್ಮಿಸುವ ಪುಟ್ಟ ಮೂತಿಯಾದ ಜೆಟ್ಟಿನಲ್ಲಿ ಕಸ. ಅದರ ರಂಧ್ರಕ್ಕೆ ತಂತಿ ಚುಚ್ಚಿದರೆ ರಂಧ್ರ ಹಿಗ್ಗಿ ಜೆಟ್ ಹಾಳು. ಬಿಚ್ಚಿ ಹಿಮ್ಮುಖವಾಗಿ ಅನಿಲವನ್ನೇ ಊದಿಸಿ. ಜ್ವಾಲೆ ಚೆನ್ನಾಗಿದ್ದೂ ಒತ್ತಡ ನಿಲ್ಲದಿದ್ದರೆ ಉಗಿ ಎಲ್ಲೋ ಸೋರುತ್ತಿದೆ; ಒದ್ದೆಯಾದ ಕೀಲು ಹುಡುಕಿ. ವಿದ್ಯುತ್ ಎಂಜಿನ್ ನಿಂತರೆ ಮೊದಲು ಬ್ಯಾಟರಿಯ ವೋಲ್ಟ್, ಆಮೇಲೆ ಫ್ಯೂಸ್, ಆಮೇಲೆ ತಂತಿಯ ಜೋಡಣೆ ನೋಡಿ. ಬಹುಪಾಲು ದೋಷ ಅಲ್ಲಿಗೆ ಸಿಕ್ಕಿರುತ್ತದೆ.

ಎರಡೂ ಒಂದೇ ಹಳಿಯ ಮೇಲೆ

ಹಳಿಯಲ್ಲಿ ವಿದ್ಯುತ್ ಇರುವ ಕಡೆ ಉಗಿ ಎಂಜಿನ್ ಇಡುವ ಮೊದಲು ಅದರ ಗಾಲಿಗಳನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಿ. ಒಂದೇ ಅಚ್ಚಿನ ಎರಡು ಗಾಲಿಗಳ ನಡುವೆ ವಿದ್ಯುತ್ ದಾಟುವುದಾದರೆ ಎಂಜಿನ್ ಹಳಿ ಮುಟ್ಟಿದ ಕೂಡಲೇ ಶಾರ್ಟ್. ಗಾಲಿ ಸರಿಯಿದ್ದರೂ ಉಗಿ ಎಂಜಿನ್ ಹಳಿಯ ಮೇಲೆ ಎಣ್ಣೆ ಬಿಡುವುದನ್ನು ತಪ್ಪಿಸಲಾಗದು. ಹಳಿಯಿಂದ ವಿದ್ಯುತ್ ಎತ್ತುವ ರೈಲುಗಳನ್ನು ಮೊದಲು ಓಡಿಸಿ ಉಗಿಗೆ ಆಮೇಲೆ ಸರದಿ ಕೊಡುವುದು ಒಳ್ಳೆಯ ಪದ್ಧತಿ. ಬ್ಯಾಟರಿ ರೈಲುಗಳಿಗೆ ಈ ತಕರಾರಿಲ್ಲ, ಜಾರಿದರೆ ಹಳಿ ಒರೆಸಿದರೆ ಸಾಕು.

ಇಬ್ಬರೂ ಒಟ್ಟಿಗೆ ಓಡಿಸುವಾಗ ಬ್ಯಾಟರಿಯವರೇ ದಾರಿ ಬಿಡಬೇಕು. ಉಗಿಯವರಿಗೆ ಎಂಜಿನ್ನನ್ನು ನಿಂತಲ್ಲಿ ನಿಲ್ಲಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಹಳೆಯ ಎಂಜಿನ್ ಕೊಳ್ಳುವುದಾದರೆ

ಉಗಿ ಎಂಜಿನ್ನಿಗೆ ಬಾಯ್ಲರ್ ಪರೀಕ್ಷೆಯ ಪತ್ರ ಕೇಳಿ. ಪರೀಕ್ಷೆ ನಡೆಯಬೇಕಾದದ್ದು ತಣ್ಣೀರಿನ ಒತ್ತಡದಿಂದ, ಗಾಳಿಯಿಂದಲ್ಲ. ನೀರು ಕುಗ್ಗುವುದಿಲ್ಲವಾದ್ದರಿಂದ ಬಿರುಕು ಬಿಟ್ಟರೂ ಸಿಡಿಯುವುದಿಲ್ಲ. ಹೊಸ ಬಾಯ್ಲರನ್ನು ಕೆಲಸದ ಒತ್ತಡದ ಎರಡು ಪಟ್ಟಿಗೆ, ಆಮೇಲಿನ ಸಲಗಳಲ್ಲಿ ಒಂದೂವರೆ ಪಟ್ಟಿಗೆ ಪರೀಕ್ಷಿಸುವುದು ರೂಢಿ. ಬೆಸುಗೆ ಹಾಕಿದ ಕಡೆ ಬಿಳಿ, ಹಸಿರು ಕಲೆಗಳಿದ್ದರೆ ಸೋರಿಕೆಯ ಗುರುತು. ಗಾಲಿಯನ್ನು ಕೈಯಲ್ಲಿ ತಿರುಗಿಸಿ: ಸಲಾಕೆಗಳ ತುದಿಯಲ್ಲಿ ಸಡಿಲು ಎಷ್ಟಿದೆ, ಸುತ್ತಿನಲ್ಲಿ ಎಲ್ಲಾದರೂ ಬಿಗಿ ಹಿಡಿಯುತ್ತದೆಯೇ ನೋಡಿ. ಮಾರುವವರು ನಿಮ್ಮೆದುರು ಉಗಿ ಏರಿಸಿ ತೋರಿಸಲು ಒಪ್ಪದಿದ್ದರೆ ಹಿಂದಿರುಗಿ ಬನ್ನಿ.

ವಿದ್ಯುತ್ ಎಂಜಿನ್ನನ್ನು ತಲೆಕೆಳಗು ಮಾಡಿ, ಒಂಬತ್ತು ವೋಲ್ಟ್ ಬ್ಯಾಟರಿಯನ್ನು ಗಾಲಿಗಳಿಗೆ ತಾಗಿಸಿ. ಡಿಜಿಟಲ್ ಆಗಿ ಬದಲಾಯಿಸಿರದಿದ್ದರೆ ಗಾಲಿಗಳು ನಿಧಾನಕ್ಕೆ ತಿರುಗಬೇಕು. ಸುತ್ತಿಗೊಮ್ಮೆ ಟಿಕ್ ಎಂದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರು ಬಿರುಕು ಬಿಟ್ಟಿದೆ. ಬದಲಿ ಗೇರು ಸಿಗುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಬೆಲೆಯ ಮಾತಾಡಿ. ಬ್ಯಾಟರಿ ಹಾಕುವ ಉದ್ದೇಶವಿದ್ದರೆ ಟೇಪು ಹಿಡಿದು ಒಳಜಾಗ ಅಳೆಯಿರಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ನಾಲ್ಕು ಕೋಶಗಳ ಜೊತೆ ತಂತಿ, ಸ್ವಿಚ್, ನಿಯಂತ್ರಕಕ್ಕೂ ಎಡೆ ಬೇಕು. ಧ್ವನಿವರ್ಧಕದ ಆಸೆಯಿದ್ದರೆ ಅದಕ್ಕೂ.